ಮನೆಯವರಿಗೆ ಫೀಸು ದುಪ್ಪಟ್ಟು

ತಮ್ಮನ ಕೈಯಲ್ಲಿದ್ದ ಹೂವಿನ ಹಾರವನ್ನು ಅವಳು ಕಿತ್ತುಕೊಂಡು ಹೊರಗಿನ ಮೋಟುಗೋಡೆಯ ಮೇಲೆ ಇಟ್ಟಳು.

"ಹೂವು ಬಂತು, ಸಾಕು. ನೀನು ಒಳಗೆ ಬರಬೇಡ."

ತಮ್ಮನೂ ಈಗ ಮುದುಕ. ಹೊಸ್ತಿಲಿನಿಂದ ಹಿಂದೆ ಸರಿದು, ಬಂದವರ ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡು ನಿಂತ.

"ಅಮ್ಮಾ, ಇವತ್ತಾದ್ರೂ ಬಿಡಬಾರದಾ? ಮಾವ ಅಷ್ಟು ದೂರದಿಂದ ಬಂದಿದಾರೆ" ಎಂದಳು ಮಗಳು.

"ನಿಮ್ಮಪ್ಪ ಆ ಗೇಟಿನ ಕಡತಕ್ಕೆ ಅಲೆದೂ ಅಲೆದೂ ಸತ್ತರು. ಅದು ಕೈಗೆ ಸಿಗೋವರೆಗೂ ಇವನಿಗೆ ಈ ಮನೆಯೊಳಗೆ ಜಾಗ ಇಲ್ಲ ಅಂದಿದ್ದೆ. ಸಿಗಲಿಲ್ಲ, ಹೋಗಿಬಿಟ್ಟರು. ಈಗ ನಾನು ಬಾಗಿಲು ತೆಗೀಲಾ?"

ಮುಂದಿನ ಕೋಣೆಯಲ್ಲಿ, ಬೋರ್ಡು ಬರೆಯುತ್ತಿದ್ದ ಉದ್ದನೆಯ ಮೇಜಿನ ಮೇಲೆಯೇ ಅವಳ ಗಂಡನನ್ನು ಮಲಗಿಸಿದ್ದರು. ಉಗುರಿನ ಸಂದಿಯ ಕೆಂಪು ಬಣ್ಣ ಎಷ್ಟು ಉಜ್ಜಿದರೂ ಹೋಗಿರಲಿಲ್ಲ. ಆ ಬೀದಿಯ ಅಂಗಡಿ ಬೋರ್ಡುಗಳೆಲ್ಲ ಅವನ ಕೈಬರಹವೇ, ಆದರೆ ಜನ ಅವನನ್ನು ಕರೆಯುತ್ತಿದ್ದದ್ದು ಅಪೀಲಣ್ಣ ಎಂದು. ಪುರಸಭೆಗೆ ಅರ್ಜಿ, ಅರ್ಜಿ ತಳ್ಳಿದರೆ ಅಪೀಲು, ಅಪೀಲು ತಳ್ಳಿದರೆ ಅದರ ಮೇಲೊಂದು ಅಪೀಲು. ಹಿಡಿದ ಹಟ ಬಿಡುವ ಜಾತಿಯಲ್ಲ.

"ನನ್ನ ಅಂಗಡಿ ಬೋರ್ಡಿಗೆ ಒಂದು ತಿಂಗಳು ಸತಾಯಿಸಿದ" ಎಂದ ಪಕ್ಕದ ಮನೆಯ ಟೈಲರ್, ಕಣ್ಣೊರೆಸಿಕೊಳ್ಳುತ್ತ. "ಪುರಸಭೆ ಅರ್ಜಿ ಮಾತ್ರ ಕೂತಲ್ಲೇ ಬರೆದು ಮುಗಿಸ್ತಿದ್ದ. ಅದೇನು ಅಕ್ಷರ ಅಂತೀರಿ, ತಿರಸ್ಕರಿಸೋಕೂ ಮನಸ್ಸು ಬರಬಾರದು."

"ಆದರೂ ತಿರಸ್ಕರಿಸಿದರಲ್ಲ" ಎಂದಳು ಅವಳು.

*

ಮಗಳಿನ್ನೂ ತೊಟ್ಟಿಲಲ್ಲಿದ್ದ ಕಾಲ. ಅವರ ಮನೆಯ ಹಿಂದೆಯೇ ಊರಿಗೆ ನೀರು ಬಿಡುವ ದೊಡ್ಡ ತೆರೆದ ತೊಟ್ಟಿ, ಸುತ್ತಲೂ ಬೇಲಿ, ಒಂದು ಗೇಟು. ಅಲ್ಲಿ ಅವಳ ತಮ್ಮನೇ ಕಾವಲುಗಾರ. ಬೀದಿಯಲ್ಲಿ ಒತ್ತೊತ್ತಾಗಿ ಮನೆಗಳು, ಬಿಸಿಲೇ ಬೀಳುತ್ತಿರಲಿಲ್ಲ. ಬಿಸಿಲಿದ್ದದ್ದು ಬೇಲಿಯೊಳಗೆ ಮಾತ್ರ. ಹಾಗಾಗಿ ಮನೆಯ ಬಟ್ಟೆಯೆಲ್ಲ ಅಲ್ಲಿಯ ತಂತಿಯ ಮೇಲೆಯೇ ಒಣಗುತ್ತಿತ್ತು. ನಿಯಮಕ್ಕೆ ವಿರುದ್ಧ, ನಿಜ. ಆದರೆ ತಮ್ಮನೇ ಕಾವಲಿಗಿರುವಾಗ ಅಕ್ಕನಿಗೆ ಯಾವ ನಿಯಮ? ಕೆಲವೊಮ್ಮೆ ಅವಳೇ ಹರವುತ್ತಿದ್ದಳು, ಕೆಲವೊಮ್ಮೆ ಅವನ ಕೈಗೆ ಬಕೆಟ್ ಕೊಟ್ಟು ಬರುತ್ತಿದ್ದಳು.

ಒಂದು ದಿನ ಆ ಗೇಟು ತೆರೆದೇ ಉಳಿಯಿತು. ದೊಡ್ಡ ಮಗ, ಶಾಲೆಗೆ ಸೇರಲು ಇನ್ನೂ ವಯಸ್ಸಾಗದವನು, ತೊಟ್ಟಿಯಲ್ಲಿ ಹೆಣವಾಗಿ ಸಿಕ್ಕಿದ.

ಅವಳಿಗೆ ಎರಡು ದಿನ ಮಾತೇ ಹೊರಡಲಿಲ್ಲ. ಮೂರನೆಯ ದಿನ ಹೊರಟ ಮೊದಲ ಮಾತು ಇದು: "ಬಕೆಟ್ ನಾನು ತಮ್ಮನ ಕೈಗೆ ಕೊಟ್ಟು ಬಂದೆ. ಗೇಟು ಹಾಕಬೇಕಾದವನು ಅವನು." ಎದುರಿಗೇ ಕೂತಿದ್ದ ತಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿ, "ಹೌದು" ಎಂದ. ಕೆಲಸ ಹೋಯಿತು, ಊರೂ ಬಿಟ್ಟ.

ಅಪೀಲಣ್ಣನಿಗೆ ಮಾತ್ರ ಒಳಗೊಳಗೇ ಒಂದು ಹುಳ. ಅಷ್ಟು ಜೋಪಾನದ ಭಾವಮೈದುನ ಗೇಟು ಮರೆತನೇ? ಹಳೆಯ ದಾಖಲೆಗಳನ್ನು ಜನ ಕೇಳಿ ಪಡೆಯಬಹುದೆಂಬ ನಿಯಮ ಬಂದದ್ದೇ, ಪುರಸಭೆ ನಡೆಸಿದ ತನಿಖೆಯ ಕಡತ ಬೇಕೆಂದು ಅರ್ಜಿ ಹಾಕಿದ. ಹುಡುಕಲು ಫೀಸು ಕೇಳಿದರು. ಕಟ್ಟಿದ. ನಕಲಿಗೆ ಫೀಸು ಕೇಳಿದರು. ಅದನ್ನೂ ಕಟ್ಟಿದ. ಆಮೇಲೆ, ಕಡತದಲ್ಲಿರುವ ಬೇರೆಯವರ ಹೆಸರುಗಳಿಗೆಲ್ಲ ಮಸಿ ಬಳಿಯಬೇಕು, ಅದಕ್ಕೂ ಬೇರೆ ಫೀಸು ಎಂದರು. "ಮಸಿ ಬಳಿಯೋದೇ ನನ್ನ ಕಸುಬು ಸ್ವಾಮಿ, ನಾನೇ ಪುಕ್ಕಟೆ ಬಳಿದುಕೊಡ್ತೀನಿ" ಎಂದು ಬರೆದು, ಮೊದಲನೆಯ ಅಪೀಲು ಹಾಕಿದ.

*

ಹೆಣ ಸಾಗಿಸುವ ವ್ಯಾನು ಬರುವ ಹೊತ್ತಿಗೆ ಸರಿಯಾಗಿ ಬಿಳಿ ಹೂಗಳ ಗೊಂಚಲು ಹಿಡಿದು ಒಬ್ಬ ಹೆಂಗಸು ಬಂದಳು. ಪುರಸಭೆಯ ದಾಖಲೆ ಕೋಣೆಯ ಗುಮಾಸ್ತೆ. ಅಪೀಲಣ್ಣನ ಕಾಲ ಬಳಿ ಹೂವಿಟ್ಟು ಜೋರಾಗಿಯೇ ಅತ್ತಳು.

"ಪ್ರತಿ ಸೋಮವಾರ ಅವರ ಮುಖ ನೋಡದೆ ನಮಗೆ ವಾರ ಶುರುವಾಗ್ತಿರಲಿಲ್ಲ ಅಮ್ಮಾ. ನಮ್ಮ ಕಪಾಟುಗಳ ಮೇಲೆಲ್ಲ ಅವರದೇ ಅಕ್ಷರ."

"ಅಕ್ಷರ ಬರೆಸಿಕೊಂಡಿರಿ, ಕಡತ ಮಾತ್ರ ತೋರಿಸಲಿಲ್ಲ" ಎಂದಳು ಅವಳು.

ಗುಮಾಸ್ತೆ ಅಳು ನಿಲ್ಲಿಸಿದಳು. "ತೋರಿಸಿದ್ವಲ್ಲಮ್ಮಾ. ಕೊನೇ ಅಪೀಲಲ್ಲಿ ಅವರೇ ಗೆದ್ದರು, ಫೀಸೂ ಮನ್ನಾ ಆಯ್ತು. ಎಷ್ಟೋ ವರ್ಷ ಆಯ್ತಲ್ಲ. ನನ್ನೆದುರಿಗೇ ಕೂತು ಓದಿದರು. ನಿಮಗೆ ಹೇಳಲಿಲ್ವಾ?"

ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ಮತ್ತೆ ಇಷ್ಟು ವರ್ಷ ಸೋಮವಾರ ಸೋಮವಾರ ಯಾಕೆ ಬರ್ತಿದ್ದರು?" ಎಂದು ಮಗಳು ಕೇಳಿದಳು.

"ಕಾಲು ಗಂಟೆ ಕೂತು ಹರಟೆ ಹೊಡೆದು ಬಸ್ಸು ಹತ್ತೋರು. ನಂಗೇನು ಗೊತ್ತು? ಒಂದು ಮಾತು ಮಾತ್ರ ಯಾವಾಗ್ಲೂ ಹೇಳೋರು. ನಮ್ಮ ಮನೆಯವರು ಯಾರಾದ್ರೂ ಆ ಕಡತ ಕೇಳ್ಕೊಂಡು ಬಂದ್ರೆ ಫೀಸು ದುಪ್ಪಟ್ಟು ಹೇಳಿ ಮೇಡಂ, ಬಿಟ್ಟುಕೊಡಬೇಡಿ ಅಂತ. ತಮಾಷೆ ಅಂದ್ಕೊಂಡಿದ್ದೆ."

ಫೀಸಿಗಾಗಿ ಅರ್ಧ ಆಯುಸ್ಸು ಜಗಳವಾಡಿದ ಮನುಷ್ಯ, ಸ್ವಂತ ಹೆಂಡತಿ ಮಗಳಿಗೆ ದುಪ್ಪಟ್ಟು ಫೀಸು ಹಾಕಿಸಿದ್ದ.

"ಯಾವ ಬಸ್ಸು?" ಎಂದಳು ಅವಳು.

ಚಪ್ಪಲಿಗಳ ನಡುವಿನಿಂದ ತಮ್ಮ ಹೇಳಿದ: "ನಮ್ಮೂರಿನ ಬಸ್ಸು, ಅಕ್ಕಾ. ಭಾವ ನಮ್ಮನೆಗೆ ಬರ್ತಿದ್ದರು."

*

ಕೊನೆಯ ಅಪೀಲು ಗೆದ್ದ ದಿನ ದಾಖಲೆ ಕೋಣೆಯಲ್ಲಿ ಅಪೀಲಣ್ಣ ಕನ್ನಡಕ ಒರೆಸಿಕೊಂಡು ಕಡತ ಬಿಚ್ಚಿದ್ದ. ಹೆಸರುಗಳಿಗೆಲ್ಲ ಕಪ್ಪು ಮಸಿ. ಕೆಲಸ ಒರಟಾಗಿದೆ, ಅಂಚು ನೇರವಿಲ್ಲ ಎಂದು ಗುಮಾಸ್ತೆಗೆ ಹೇಳಿ ನಕ್ಕಿದ್ದ. ಆಮೇಲೆ, ಮಗು ಸತ್ತ ದಿನ ತೊಟ್ಟಿಯ ಬಳಿ ಕೆಲಸದಲ್ಲಿದ್ದ ಪಂಪು ಮೆಕ್ಯಾನಿಕ್‌ನ ಹೇಳಿಕೆಗೆ ಬಂದ. ಕಚೇರಿಯವರು ಹೆಸರುಗಳನ್ನು ಅಳಿಸಿದ್ದರು, ಸಂಬಂಧಗಳನ್ನು ಅಳಿಸುವುದು ಅವರಿಗೆ ಹೊಳೆದಿರಲಿಲ್ಲ.

ಕಾವಲುಗಾರ ಬೆಳಿಗ್ಗೆಯಿಂದ ನನ್ನ ಜೊತೆ ಪಂಪಿನ ಮನೆಯೊಳಗೇ ಇದ್ದ, ಹೊರಗೆ ಬಂದಿಲ್ಲ. ಬಟ್ಟೆ ಹರವಿ ಹೋದವರು ಕಾವಲುಗಾರನ ಅಕ್ಕ. ನಾನು ಕಿಟಕಿಯಿಂದ ನೋಡಿದೆ.

ಕೆಳಗೆ ಕಾವಲುಗಾರನದೇ ಒಂದು ಸಾಲು: ಮೆಕ್ಯಾನಿಕ್ ಹೇಳುವುದು ಸುಳ್ಳು, ತಪ್ಪು ನನ್ನದು.

ಅಪೀಲಣ್ಣ ಕಡತ ಮುಚ್ಚಿದ. ಗುಮಾಸ್ತೆ ನೀರು ಕೊಟ್ಟಳು, ಕುಡಿಯದೆ ಲೋಟ ಹಿಡಿದೇ ಕೂತಿದ್ದ. ಬಂದದ್ದು ಸುಳ್ಳು ಹೇಳಿದವನನ್ನು ಹಿಡಿಯಲು. ಆ ಸುಳ್ಳಿನ ಆಸರೆಯಲ್ಲೇ ತನ್ನ ಹೆಂಡತಿ ಇಷ್ಟು ಕಾಲ ಉಂಡು ಮಲಗಿ ಎದ್ದಿದ್ದಾಳೆ ಎಂಬುದು ಈಗ ಗೊತ್ತಾಗಿತ್ತು. ಅವತ್ತೇ ಬಸ್ಸು ಹತ್ತಿ ಹೋಗಿ ಭಾವಮೈದುನನ ಕೈ ಹಿಡಿದುಕೊಂಡ. ಸಂಜೆ ಮನೆಗೆ ಬಂದು ಹೆಂಡತಿಗೆ, "ಇನ್ನೊಂದು ಅಪೀಲು ಹಾಕಬೇಕು ಕಣೇ" ಎಂದ.

*

ಮಣ್ಣು ಮಾಡಿ ಎಲ್ಲರೂ ಸ್ಮಶಾನದ ಗೇಟಿನ ಬಳಿ ಬಂದಾಗ ಗಾಳಿ ಎದ್ದಿತ್ತು. ಅವಳು ನೇರವಾಗಿ ಗುಮಾಸ್ತೆಯ ಹತ್ತಿರ ಹೋದಳು.

"ನಾಳೆ ಬರ್ತೀನಿ. ಎಷ್ಟು ಫೀಸಾದ್ರೂ ಸರಿ."

"ನಿಮಗೆ ಫೀಸಿಲ್ಲಮ್ಮಾ. ಆ ಮಗುವಿನ ತಾಯಿ ನೀವು."

"ಕೊಡಬೇಡಿ" ಎಂದ ತಮ್ಮ. "ಆ ಕಡತದಲ್ಲಿ ನಾನೂ ಇದೀನಿ. ಬೇಡ ಅನ್ನೋಕೆ ನನಗೆ ಹಕ್ಕಿಲ್ವಾ?"

ಗುಮಾಸ್ತೆ ಇಬ್ಬರನ್ನೂ ನೋಡಿದಳು. "ಇದೆ. ಆಕ್ಷೇಪಣೆ ಬರೆದುಕೊಟ್ಟರೆ ನಿಲ್ಲಿಸ್ತೀವಿ. ಆಮೇಲೆ ಅಮ್ಮ ಅಪೀಲು ಹಾಕಬಹುದು."

"ಪೇಪರ್ ಕೊಡಿ" ಎಂದ ತಮ್ಮ.

"ತಪ್ಪು ಮಾಡಿದೋನಿಗೆ ಭಯ ಇದ್ದದ್ದೇ" ಎಂದಳು ಅವಳು. ಹೇಳಿದ ಮೇಲೆ ಅವಳಿಗೆ ಹೊಳೆಯಿತು. ಇವನ ತಪ್ಪು ಕಡತದಲ್ಲಿದ್ದಿದ್ದರೆ ಗಂಡ ಓಡಿಬಂದು ಹೇಳುತ್ತಿದ್ದ. ಇವನ ಮನೆಗೆ ಬಸ್ಸು ಹತ್ತುತ್ತಿರಲಿಲ್ಲ. ತಮ್ಮನ ತೋಳು ಹಿಡಿದು ತಿರುಗಿಸಿಕೊಂಡಳು.

"ಅವತ್ತು ನಾನು ಏನಂದೆ ಹೇಳು. ನಿನ್ನ ಕೈಗೆ ಕೊಡುವಾಗ."

"ಈ ಬಕೆಟ್ ತಗೋ, ಬಟ್ಟೆ ಹರವು ಅಂದೆ. ಎಷ್ಟು ಸಲ ಹೇಳಿದೀನಿ ಅಕ್ಕಾ."

ಬಕೆಟ್ಟಿನ ಹಿಡಿ ಅವತ್ತು ಬೆಳಿಗ್ಗೆಯೇ ಕಿತ್ತುಬಂದಿತ್ತು. ಅದು ಅವಳಿಗೆ ಈಗ ನೆನಪಾಯಿತು, ಅದರ ಹಿಂದೆಯೇ ಉಳಿದದ್ದೂ. ಬಟ್ಟೆಯನ್ನೆಲ್ಲ ಅಗಲದ ಬೇಸನ್ನಿನಲ್ಲಿ ತುಂಬಿ, ಎರಡೂ ತೋಳುಗಳಲ್ಲಿ ಎದೆಗೆ ಅವುಚಿಕೊಂಡಿದ್ದಳು. ಸೆರಗೆಲ್ಲ ಒದ್ದೆ. ಗೇಟನ್ನು ಬೆನ್ನಿನಿಂದ ತಳ್ಳಿ ಒಳಗೆ ಹೋಗಿದ್ದಳು. ಬರುವಾಗ ಮನೆಯಲ್ಲಿ ಮಗು ಅಳುವುದು ಕೇಳಿಸಿ, ಖಾಲಿ ಬೇಸನ್ನು ಸೊಂಟಕ್ಕಿಟ್ಟುಕೊಂಡು, ಗೇಟು ಹಾಗೇ ಬಿಟ್ಟು ಓಡಿದ್ದಳು. ತಮ್ಮ ಅಲ್ಲೆಲ್ಲೂ ಇರಲಿಲ್ಲ.

ಹಿಡಿದಿದ್ದ ತಮ್ಮನ ತೋಳನ್ನು ಬಿಟ್ಟು, ಅವಳು ಗೇಟಿನ ಕಂಬಕ್ಕೆ ಒರಗಿದಳು.

"ಅಮ್ಮಾ? ಏನಾಯ್ತು?" ಎಂದಳು ಮಗಳು.

ತಮ್ಮ ಅದನ್ನು ನೋಡಿರಲಿಲ್ಲ. ವ್ಯಾನಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಬರೆಯಲು ತೊಡಗಿದ್ದ: ಈ ಕಡತವನ್ನು ನನ್ನ ಅಕ್ಕನಿಗೆ ತೋರಿಸಬಾರದು. ಗಾಳಿಗೆ ಹಾಳೆ ಮತ್ತೆ ಮತ್ತೆ ಏಳುತ್ತಿತ್ತು. ಅವಳು ಪಕ್ಕಕ್ಕೆ ಬಂದು ನಿಂತು, ಅವನು ಬರೆದು ಮುಗಿಸುವ ತನಕ, ಹಾಳೆಯ ಎರಡೂ ಮೂಲೆಗಳನ್ನು ಎರಡು ಅಂಗೈಗಳಿಂದ ಒತ್ತಿ ಹಿಡಿದಳು.