ಬಾತ್‌ಶೀಬಾದ ಇಳಿಜಾರಿನಲ್ಲಿ ಅಪ್ಪಿ ಆಂಟಿ

೧

ಈ ಕಥೆಯನ್ನು ಸಮುದ್ರದಿಂದ ಶುರು ಮಾಡಲೋ, ಕಾರಿನಿಂದಲೋ? ಮೊದಲ ಡ್ರಾಫ್ಟ್‌ನಲ್ಲಿ ಸೂರ್ಯೋದಯವಿತ್ತು. ಹರಿದುಹಾಕಿದೆ. (ನಾನಿರುವ ಹ್ಯಾರಿಸನ್ ಊರಿನ ಅಪಾರ್ಟ್‌ಮೆಂಟಿನಲ್ಲಿ ಹೀಟರ್ ಪಕ್ಕ ಕೂತು ಕೆರಿಬಿಯನ್ ಸೂರ್ಯನನ್ನು ವರ್ಣಿಸುವವನನ್ನು ನೀವು ನಂಬಬೇಕಾಗಿಲ್ಲ.)

ಅಪ್ಪಿ ಆಂಟಿಯಿಂದಲೇ ಶುರು ಮಾಡುತ್ತೇನೆ. ಕುಂದಾಪುರದವರು, ಈಗ ಇಲ್ಲೇ ಹತ್ತಿರದ ವುಡ್‌ಬ್ರಿಡ್ಜ್‌ನಲ್ಲಿದ್ದಾರೆ, ಅರವತ್ತು ದಾಟಿದೆ. ಗಂಡ ಮೋನಪ್ಪ ಅಂಕಲ್ ಮದುವೆಯಾದಾಗಿನಿಂದ ಸ್ಟಿಯರಿಂಗ್ ಬಿಟ್ಟುಕೊಟ್ಟವರಲ್ಲ. ಹೋದ ವರ್ಷ ಅವರ ಕಣ್ಣು ಮಂಜಾಗಿ, ಡಾಕ್ಟರು ಡ್ರೈವಿಂಗ್ ನಿಲ್ಲಿಸಿದರು. ಆಗ ಆಂಟಿ ಕಲಿಯಲು ಹೊರಟರು. ರೋಡ್ ಟೆಸ್ಟ್‌ನಲ್ಲಿ ಎರಡು ಸಲ ಫೇಲ್, ಆಮೇಲೆ ಪಾಸ್. ಪಾಸಾದದ್ದೇ ಬಾರ್ಬಡೋಸ್‌ಗೆ ಟಿಕೆಟ್ ಬುಕ್ ಮಾಡಿ, ಬಾಡಿಗೆ ಕಾರನ್ನೂ ತಮ್ಮ ಹೆಸರಿನಲ್ಲೇ ತೆಗೆದುಕೊಂಡರು.

"ದ್ವೀಪದಲ್ಲಿ ದಾರಿ ತಪ್ಪಿದ್ರೆ ಎಲ್ಲಿಗೆ ಹೋಗ್ತೇವೆ? ಸಮುದ್ರಕ್ಕೇ ಅಲ್ವಾ?" ಎಂದರಂತೆ.

೨

ಅಲ್ಲಿ, ಆಂಟಿ ಕಲಿತ ಹಾಗೆ ಬಲಕ್ಕಲ್ಲ, ರಸ್ತೆಯ ಎಡಕ್ಕೆ ಓಡಿಸಬೇಕು. "ಲೆಫ್ಟ್, ಅಪ್ಪೀ, ಲೆಫ್ಟ್" ಎನ್ನುತ್ತಲೇ ಅಂಕಲ್ ಪಶ್ಚಿಮದ ಶಾಂತ ಬೀಚುಗಳನ್ನೆಲ್ಲ ದಾಟಿಸಿದರು. ಪೂರ್ವದ ಬಾತ್‌ಶೀಬಾ ಬೀಚಿಗೆ ಇಳಿಯುವ ರಸ್ತೆ ಕಿರಿದು, ಕಡಿದು. ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಆಂಟಿ ಕಾರನ್ನು ಏರಿನ ಮೇಲೆ ಹಿಂದಕ್ಕೆ ತೆಗೆಯದೆ ಬೇರೆ ದಾರಿಯಿರಲಿಲ್ಲ.

ಇಲ್ಲಿ ನಾನು ಎರಡನೇ ಡ್ರಾಫ್ಟ್‌ನಲ್ಲಿ ಬ್ರೇಕ್ ಫೇಲ್ ಮಾಡಿಸಿದ್ದೆ. ಫ್ಲಶಿಂಗ್ ಊರಿನ ದೇವಸ್ಥಾನದ ಕ್ಯಾಂಟೀನಿನಲ್ಲಿ ಅದನ್ನು ಇಬ್ಬರಿಗೂ ಓದಿ ಹೇಳಿದಾಗ ಆಂಟಿ ದೋಸೆ ಮುರಿಯುವುದನ್ನು ನಿಲ್ಲಿಸಿದರು.

"ಬ್ರೇಕ್ ಸರಿಯೇ ಇತ್ತು ಮಾರಾಯ್ರೆ. ನಾನು ರಿವರ್ಸ್ ತೆಗ್ದದ್ದು ಸಾಕಾಗುದಿಲ್ವಾ ನಿಮ್ಮ ಕಥೆಗೆ?"

ಸಾಕು. (ಎರಡನೇ ಡ್ರಾಫ್ಟೂ ಹೋಯಿತು.) ನಡೆದದ್ದು ಹೀಗೆ. ಅಂಕಲ್ ಏನೋ ಹೇಳಲು ಬಾಯಿ ತೆರೆದರು. "ಈಗ ಎಂತದೂ ಹೇಳ್ಬೇಡಿ," ಎಂದರು ಆಂಟಿ. ಆಂಟಿ ಕುತ್ತಿಗೆ ಹಿಂದಕ್ಕೆ ತಿರುಗಿಸಿ, ಕಾರನ್ನು ಇಂಚಿಂಚಾಗಿ ಮೇಲೆ ತಂದು ಯಾರದೋ ಮನೆಯ ಗೇಟಿನೆದುರು ಸರಿಸಿ ನಿಲ್ಲಿಸಿದರು. ಬಸ್ಸಿನ ಡ್ರೈವರ್ ಕೈಯೆತ್ತಿ ನಮಸ್ಕರಿಸಿದಂತೆ ಮಾಡಿ ದಾಟಿಹೋದ.

ಕೆಳಗಿಳಿದರೆ ದೊಡ್ಡ ದೊಡ್ಡ ಬಂಡೆಗಳು, ಅವಕ್ಕೆ ಬಡಿಯುವ ಅಲೆ. ಎಳನೀರು ಮಾರುವವನು ಇಂಗ್ಲಿಷಿನಲ್ಲಿ, ಬಸ್ಸಿನಲ್ಲಿ ಬಂದಿರಾ ಎಂದು ಕೇಳಿದ. ಅಂಕಲ್ ಬೆನ್ನು ನೆಟ್ಟಗೆ ಮಾಡಿದರು.

"ನೋ. ಮೈ ವೈಫ್ ಡ್ರೋವ್ ಮಿ."

ಅವನು ಎಳನೀರು ಕೆತ್ತಿ ಕೊಟ್ಟಾಗ, ಕೇಳದಿದ್ದರೂ, ಇನ್ನೊಮ್ಮೆ ಹೇಳಿದರು.

೩

ಅಂತ್ಯ ಒಂದು: ಅದನ್ನು ಕೇಳಿ ಆಂಟಿ ಕಣ್ಣೊರೆಸಿಕೊಳ್ಳುತ್ತಾರೆ. (ಇಲ್ಲವಂತೆ. ಹಸಿವಾಗಿತ್ತಂತೆ.)

ಅಂತ್ಯ ಎರಡು: ಇಬ್ಬರೂ ಕೈ ಹಿಡಿದುಕೊಂಡು ಸೂರ್ಯಾಸ್ತ ನೋಡುತ್ತಾರೆ.

"ಅದು ಪೂರ್ವದ ಬೀಚು," ಎಂದರು ಅಂಕಲ್. "ಅಲ್ಲಿ ಸಮುದ್ರದಲ್ಲಿ ಸೂರ್ಯ ಮುಳುಗುದು ಹೇಗೆ?"

"ಹಾಗಾದರೆ ಹೇಗೆ ಮುಗಿಸಲಿ, ಆಂಟಿ?"

"ಮುಗಿಸುದು ಯಾಕೆ? ಬೀಚುಗಳು ಇನ್ನೂ ಬಾಕಿ ಇದ್ವು. ಇವರೇ ಕೇಳಿದ್ದು, ಈಗ ಎಲ್ಲಿಗೆ ಕರ್ಕೊಂಡು ಹೋಗ್ತೀ ಅಂತ."

ಅಂಕಲ್ ನನ್ನ ಕಡೆ ತಿರುಗಿ, "ಚಂದ ಓಡಿಸ್ತಾಳೆ," ಎಂದರು. "ಅದನ್ನು ಬರೀರಿ."

ಬರೆದುಕೊಂಡೆ. ಅಷ್ಟರಲ್ಲಿ, ಅಲ್ಲಿಂದ ಹೋದ ಬೀಚು ಯಾವುದೆಂದು ಇಬ್ಬರಿಗೂ ವಾದ ಹತ್ತಿತು. ಯಾರು ಸರಿಯೋ ನನಗೆ ಗೊತ್ತಿಲ್ಲ, ಕಾರಿನಲ್ಲಿ ನಾನಿರಲಿಲ್ಲ.