ಕೆರೆಗೆ ತಂದ ಬಾವಿಯ ಹಗ್ಗ

ಗುರುದೇವಿಯವರ ಚೀಲದಲ್ಲಿ ರೊಟ್ಟಿಯ ಗಂಟಿನ ಕೆಳಗೆ ಬಾವಿಯ ಹಗ್ಗವಿತ್ತು. ಮಗಳಿಗೆ ಅದು ಗೊತ್ತಿರಲಿಲ್ಲ.

ಯಾದಗಿರಿಯಿಂದ ಶಹಾಪುರದ ದಾರಿಯುದ್ದಕ್ಕೂ ಮಗಳು ಶಿವರಂಜನಿ ಕಾರು ನಡೆಸುತ್ತ ಮಾತಾಡುತ್ತಲೇ ಇದ್ದಳು. ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಅವಳು ಹೋದ ವರ್ಷ ಗೆಳತಿಯರ ಜೊತೆ ದಾಂಡೇಲಿಗೆ ಹೋಗಿ ಕಯಾಕ್ ನಡೆಸುವುದನ್ನು ಕಲಿತು ಬಂದಿದ್ದಳು. ಒಬ್ಬರೇ ಕೂತು, ಎರಡು ತುದಿಗೂ ಹಲಗೆಯಿರುವ ಹುಟ್ಟು ಹಾಕುತ್ತ ಹೋಗುವ ಸಣ್ಣ ದೋಣಿ ಅದು. ಅಂಥದೊಂದನ್ನು ಕೊಂಡು ಭಾನುವಾರ ಬೆಳಿಗ್ಗೆ ಹತ್ತಿಕುಣಿ ಜಲಾಶಯದ ನೀರಿನ ಮೇಲೆ ತಿರುಗಾಡಬೇಕೆಂಬುದು ಅವಳ ಆಸೆ. ಶಹಾಪುರದಲ್ಲಿ ನೀರಿನ ಟಾಕಿ, ಪೈಪು ಮಾರುವ ಖಾಜಾಹುಸೇನ ಎಲ್ಲಿಯೋ ಮುಚ್ಚಿಹೋದ ರೆಸಾರ್ಟಿನಿಂದ ಎರಡು ಕಯಾಕ್ ತಂದಿಟ್ಟಿದ್ದಾನೆಂದು ಕೇಳಿ ಹೊರಟಿದ್ದಳು. “ನೀನೂ ಬಾ ಅವ್ವ, ಇಬ್ಬರೂ ಕೂಡಿ ಆರಿಸೋಣು” ಎಂದು ತಾಯಿಯನ್ನು ಕರೆದವಳೂ ಅವಳೇ. ತಂದೆ ಸಂಗಮನಾಥ ಮಾತ್ರ, “ನೀರಿನ ಮಾತು ನಿಮ್ಮಿಬ್ಬರದು, ನನ್ನ ಬಿಡ್ರಿ” ಎಂದು ಮನೆಯಲ್ಲೇ ಉಳಿದಿದ್ದರು.

ಭೀಮಾ ಸೇತುವೆ ಬಂದಾಗ ಗುರುದೇವಿ ಕಣ್ಣು ಮುಚ್ಚಿಕೊಂಡರು. ಮಗಳು ಅದನ್ನು ನೋಡಿದಳು. ರೇಡಿಯೋದ ದನಿ ಸ್ವಲ್ಪ ಏರಿಸಿದಳು.

ಗುರುದೇವಿಯವರ ತವರು ಕಕ್ಕೇರಾ. ಅಲ್ಲಿ ಗಂಡುಹುಡುಗರಿಗೆ ಈಜು ಕಲಿಸುವಾಗ ನಡುವಿಗೆ ಹಗ್ಗ ಕಟ್ಟಿ ಬಾವಿಗೆ ಬಿಡುತ್ತಿದ್ದರು. ಮೇಲೆ ಅಪ್ಪನೋ ಕಾಕನೋ ಹಗ್ಗ ಹಿಡಿದು ನಿಂತಿರುತ್ತಿದ್ದ. ಹುಡುಗ ಮುಳುಗಿದರೆ ಒಂದೇ ಜಗ್ಗು, ಬುಡುಕ್ಕನೆ ಮೇಲೆ ಬರುತ್ತಿದ್ದ. ಹೆಣ್ಣುಮಕ್ಕಳಿಗೆ ಆ ಹಗ್ಗ ಇರಲಿಲ್ಲ. ಅಕ್ಕ ಕಾಶಮ್ಮ ಬಾವಿಯ ಮೆಟ್ಟಿಲು ಜಾರಿ ನೀರಿಗೆ ಬಿದ್ದ ದಿನ ಹತ್ತು ವರ್ಷದ ಗುರುದೇವಿ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. ಕಾಶಮ್ಮನನ್ನು ಹೊರಗೆ ತೆಗೆದಾಗ ಒದ್ದೆ ಸೀರೆ ಎರಡೂ ಕಾಲಿಗೆ ಕಟ್ಟಿ ಹಾಕಿದಂತೆ ಸುತ್ತಿಕೊಂಡಿತ್ತು. ಅದಕ್ಕೇ ಶಿವರಂಜನಿಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ, ಮಂದಿ ನಕ್ಕರೂ ಕೇಳದೆ, ಅದೇ ಬಾವಿಯಲ್ಲಿ ಈಜು ಕಲಿಸಿದ್ದರು. ಹಗ್ಗವನ್ನು ಬೇರೆ ಯಾರ ಕೈಗೂ ಕೊಟ್ಟಿರಲಿಲ್ಲ.

ಖಾಜಾಹುಸೇನನ ಅಂಗಡಿಯ ಹಿತ್ತಲಲ್ಲಿ ಎರಡೂ ಕಯಾಕ್‌ಗಳು ಬೇವಿನ ನೆರಳಿಗೆ ಮಲಗಿದ್ದವು. ಹಳದಿಯದು ಅಗಲ, ಗಿಡ್ಡ. ಮೇಲೆ ಕೂರುವಂಥದು, ದನದ ಬಾನಿಯಂತೆ ಕಾಣುತ್ತಿತ್ತು. ಕೆಂಪಿನದು ಉದ್ದ, ತೆಳ್ಳಗೆ, ಚೆಲುವಾಗಿತ್ತು. ನಡುವೆ ಒಂದು ಕಿಂಡಿ, ಅದರೊಳಗೆ ಇಳಿದು ಕೂರಬೇಕು. ಶಿವರಂಜನಿ ನೇರ ಕೆಂಪಿನದರ ಹತ್ತಿರ ಹೋದಳು.

“ಹಳದಿದು ಎಮ್ಮಿ, ಕೆಂಪಂದು ಕುದುರಿ,” ಎಂದ ಖಾಜಾಹುಸೇನ. “ಮೊದಲೇ ಹೇಳಿಬಿಡತೀನ್ರಿ ಅಕ್ಕೋರೆ, ಆಮ್ಯಾಲ ನನ್ನ ಬೈಬ್ಯಾಡ್ರಿ. ಮೊದಲನೇ ಸಲ ತಗೋಳೋರಿಗಿ ಎಮ್ಮಿನೇ ಚಲೋ. ಜೋರ್ ಹೋಗಂಗಿಲ್ಲ, ಆದ್ರ ಬೀಳಸಂಗೂ ಇಲ್ಲ.”

“ಎಮ್ಮಿ ಮ್ಯಾಲ ಕೂತು ಹತ್ತಿಕುಣಿಗಿ ಹೋದ್ರ ಮಂದಿ ನಗತಾರ ಕಾಕಾ.”

“ನಗಲಿ ಬಿಡವಾ. ಕುದುರಿ ಮ್ಯಾಲಿಂದ ಬಿದ್ದಾಗ ಅಳೋದಕ್ಕಿಂತ ಚಲೋ ಅಲ್ಲೇನು?”

ಗುರುದೇವಿ ಕೆಂಪು ಕಯಾಕ್‌ನ ಕಿಂಡಿಯೊಳಗೆ ಬಗ್ಗಿ ನೋಡಿದರು. ಒಳಗೆ ಕತ್ತಲೆ. ಕೈ ಚಾಚಿದರೆ ತುದಿ ಸಿಗಲಿಲ್ಲ.

“ಕಾಲು ಎಲ್ಲಿರತಾವ?”

“ಅದರೊಳಗೇ ಅವ್ವ. ಮುಂದ ಚಾಚಬೇಕು.”

“ಮಗುಚಿದರ?”

“ಮುಂದ ಬಾಗಿ ಜಾರಿ ಹೊರಗ ಬರಬೇಕು. ದಾಂಡೇಲ್ಯಾಗ ಮೂರು ಸಲ ಮಾಡಿಸ್ಯಾರ.”

ಗುರುದೇವಿ ಬೇಡ ಎನ್ನಬೇಕೆಂದೇ ಬಂದವರು. ಆದರೆ ಮಗಳು ಆ ದೋಣಿಯ ಮೈಯನ್ನು ಕರುವಿನ ಮೈಯಂತೆ ಸವರುತ್ತಿದ್ದಳು. ಅವರು ಚೀಲದಿಂದ ಹಗ್ಗ ತೆಗೆದರು.

“ಇದನ್ನ ಕಟಿಗೊಂಡು ಹೋಗು. ಇಲ್ಲಾಂದ್ರ ಮನಿಗಿ ನಡಿ.”

“ತೇಲೋ ಜಾಕೀಟು ಅದ ಅಲ್ರೀ ಅಕ್ಕೋರೆ, ಮುಳುಗಸಂಗಿಲ್ಲ,” ಎಂದ ಖಾಜಾಹುಸೇನ. “ದೋಣ್ಯಾಗ ಹೋಗೋರಿಗಿ ಹಗ್ಗ ಕಟ್ಟಬಾರದ್ರಿ.”

“ಕಟ್ಟಲಿ ಬಿಡ್ರಿ,” ಎಂದಳು ಅವನ ಹೆಂಡತಿ ಹುಸೇನಬೀ, ಒಳಗಿನಿಂದ ಬರುತ್ತ. “ತಾಯಿ ಜೀವ.”

ಶಿವರಂಜನಿ ತಾಯಿಯ ಮುಖ ನೋಡಿದಳು. ಇಪ್ಪತ್ತೊಂಬತ್ತು ವರ್ಷದ ಹೆಣ್ಣು, ಪರರ ಮುಂದೆ, ಒಂಬತ್ತು ವರ್ಷದವಳಿದ್ದಾಗ ಮಾಡುತ್ತಿದ್ದಂತೆಯೇ ಎರಡೂ ಕೈ ಮೇಲೆತ್ತಿ ನಿಂತಳು. ಗುರುದೇವಿ, ಮಗಳು ತೊಟ್ಟ ಜಾಕೀಟಿನ ಕೆಳಗೆ, ನಡುವಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು.

ಕೊಳ್ಳುವ ಮೊದಲು ನಡೆಸಿ ನೋಡಲೆಂದು ಖಾಜಾಹುಸೇನನ ಟೆಂಪೋದಲ್ಲಿ ಎರಡೂ ಕಯಾಕ್ ಹಾಕಿಕೊಂಡು ನಾಲ್ವರೂ ಊರ ಹೊರಗಿನ ಕೆರೆಗೆ ಹೋದರು. ದಂಡೆಯಲ್ಲಿ ಕುರಿಗೆ ನೀರು ಕುಡಿಸುತ್ತಿದ್ದ ಬೀರಣ್ಣ, ಯಾರೂ ಹೇಳದಿದ್ದರೂ, ಕುರಿಗಳನ್ನು ಹೊಡೆದುಕೊಂಡು ಜಾಗ ಬಿಟ್ಟುಕೊಟ್ಟ. ಕೆಂಪು ಕಯಾಕ್ ನೀರಿಗಿಳಿಯಿತು. ಶಿವರಂಜನಿಯ ಕಾಲು ಒಳಗೆ ಹೋದವು, ಮೊಣಕಾಲೂ ಹೋದವು. ಈಗ ಸೊಂಟದಿಂದ ಮೇಲಷ್ಟೇ ಮಗಳು.

ಹಗ್ಗ ಕೈಯಿಂದ ಮೊಳ ಮೊಳವಾಗಿ ಸರಿಯತೊಡಗಿತು. ಹತ್ತು ಮೊಳ. ಇಪ್ಪತ್ತು. ಕೆರೆಯ ಆಚೆಯಿಂದ ಗಾಳಿ ಎದ್ದಿತು. ನೀರಿನ ಮೇಲೆ ಸಣ್ಣ ಸಣ್ಣ ಮಡಿಕೆ ಬಿದ್ದವು. ತಿರುಗಲು ಹೋದ ದೋಣಿ ಅವುಗಳಿಗೆ ಅಡ್ಡಲಾಗಿ ಒಮ್ಮೆ ವಾಲಿತು. ಶಿವರಂಜನಿ ಹುಟ್ಟು ಹಾಕಿ ಸರಿಮಾಡಿಕೊಂಡಳು. ಮತ್ತೆ ವಾಲಿತು.

ಗುರುದೇವಿ ಜಗ್ಗಿದರು. ಯೋಚಿಸಿ ಜಗ್ಗಿದ್ದಲ್ಲ. ಬಾವಿಯ ಮೇಲೆ ನಿಂತ ಕೈ ಅದು. ಇದ್ದಬಿದ್ದ ಬಲವೆಲ್ಲ ಹಾಕಿ ಜಗ್ಗಿದರು.

ದೋಣಿ ಮಗುಚಿತು. ಮಗಳಿದ್ದ ಜಾಗದಲ್ಲಿ ಕೆಂಪು ಹೊಟ್ಟೆಯೊಂದು ಬಿಸಿಲಿಗೆ ಹೊಳೆಯುತ್ತ ತೇಲಿತು. ಕುರಿಗಳ ಕೊರಳಗಂಟೆ ಕೇಳುತ್ತಿತ್ತು, ಬೇರೆ ಏನೂ ಇಲ್ಲ. ಆ ಹೊಟ್ಟೆಯ ಕೆಳಗೆ, ಕತ್ತಲಲ್ಲಿ, ಎರಡು ಕಾಲು. ಗುರುದೇವಿ ಇನ್ನೂ ಜೋರಾಗಿ ಜಗ್ಗಿದರು. ಹಗ್ಗ ತಂತಿಯಂತೆ ಬಿಗಿದು ನಿಂತಿತು.

“ಸಡ್ಲ ಬಿಡ್ರಿ ಅಕ್ಕೋರೆ,” ನೀರಿಗಿಳಿದು ಓಡುತ್ತಿದ್ದ ಖಾಜಾಹುಸೇನ ಕೂಗಿದ. “ಹಗ್ಗ ಅಕಿನ್ನ ಕಿಂಡಿ ಅಂಚಿಗಿ ಒತ್ತಿ ಹಿಡದದ, ಹೊರಗ ಬರಾಕ ಆಗವಲ್ದು. ಬಿಡ್ರಿ.”

ಮಾತು ತಿಳಿಯಿತು, ಕೈ ಕೇಳಲಿಲ್ಲ. ಈ ಹಗ್ಗ ಬಿಟ್ಟರೆ ಮಗಳನ್ನೇ ಬಿಟ್ಟಂತೆ ಎಂದು ಬೆರಳುಗಳು ಕಚ್ಚಿ ಹಿಡಿದಿದ್ದವು. ಆಗ ಯಾರೋ ಹಿಂದಿನಿಂದ ಅವರನ್ನು ತಬ್ಬಿ ಹಿಡಿದರು. ಹುಸೇನಬೀ. ಅವಳು ಎಳೆದಾಡಲಿಲ್ಲ, ಬೈಯಲಿಲ್ಲ. “ಬಿಡ್ರಿ ಅಕ್ಕಾ, ಬಿಡ್ರಿ, ಬರತಾಳ” ಎಂದು ಕಿವಿಯಲ್ಲಿ ಹೇಳುತ್ತ ಒಂದೊಂದೇ ಬೆರಳು ಬಿಡಿಸಿದಳು. ಹಗ್ಗ ಹಾವಿನಂತೆ ನೀರಿಗೆ ಜಾರಿತು.

ಗುರುದೇವಿ ಎಣಿಸುತ್ತ ನಿಂತರು. ಒಂದು. ಎರಡು. ಮೂರು.

ಕೆಂಪು ಹೊಟ್ಟೆಯ ಪಕ್ಕದಲ್ಲಿ ಒಂದು ತಲೆ ಎದ್ದಿತು. ಕೆಮ್ಮಿತು. ಜಾಕೀಟು ಅವಳನ್ನು ಎತ್ತಿ ಹಿಡಿದಿತ್ತು.

ದಂಡೆಗೆ ಬಂದ ಶಿವರಂಜನಿ ನಡುವಿನ ಹಗ್ಗ ಬಿಚ್ಚಿ ಕೆಳಗೆ ಹಾಕಿದಳು. ಹುಸೇನಬೀ ತನ್ನ ಹೊದಿಕೆಯನ್ನೇ ತೆಗೆದು ಅವಳ ತಲೆ ಒರೆಸಿದಳು. ಬೀರಣ್ಣ ತನ್ನ ಕಂಬಳಿ ತಂದು ಹೊದಿಸಿ, ಹೆಣ್ಣುಮಕ್ಕಳ ಮುಂದೆ ನಿಲ್ಲಬಾರದೆಂದು ದೂರ ಹೋಗಿ ಬೆನ್ನು ತಿರುಗಿಸಿ ಕೂತ.

“ಬಾವ್ಯಾಗ ಹಗ್ಗ ಮ್ಯಾಲಕ್ಕ ಎಳಿತಿತ್ತು ಅವ್ವ,” ಎಂದಳು ಶಿವರಂಜನಿ. “ಇಲ್ಲಿ ಅಡ್ಡ ಎಳಿತು. ಅಷ್ಟೇ. ನಿನಗ ಹ್ಯಾಂಗ ಗೊತ್ತಾಗಬೇಕು.”

ಗುರುದೇವಿಗೆ ಅಳಲೂ ಆಗಲಿಲ್ಲ. ಒದ್ದೆ ಅಂಗಿ ಮೇಲೆ ಸರಿದ ಕಡೆ ಮಗಳ ನಡುವಿನಲ್ಲಿ ಹಗ್ಗದ ಕೆಂಪು ಬರೆ ಎದ್ದಿತ್ತು. ಕಾಶಮ್ಮನ ಕಾಲಿಗೆ ಸೀರೆ. ಇವಳ ನಡುವಿಗೆ ತಾನು.

“ನಡಿ, ಮನಿಗಿ ಹೋಗೋಣು,” ಎಂದಳು ಮಗಳು. “ದೋಣಿ ಬ್ಯಾಡ. ಖರೇನ ಹೇಳತೀನಿ, ನನಗೇನೂ ಬ್ಯಾಸರಿಲ್ಲ.”

ಅದು ಸುಳ್ಳೆಂದು ಗುರುದೇವಿಗೆ ಗೊತ್ತಾಯಿತು. ಹೂಂ ಅಂದರೆ ಸಾಕಿತ್ತು. ಇನ್ನು ಮೇಲೆ ಎಂದೂ ಭಾನುವಾರ ಎದೆ ಹೊಡೆದುಕೊಳ್ಳುವುದಿಲ್ಲ. ಮಗಳೂ ಮತ್ತೆ ಈ ಮಾತು ಎತ್ತುವುದಿಲ್ಲ, ಸೇತುವೆ ಬಂದಾಗಲೆಲ್ಲ ರೇಡಿಯೋದ ದನಿ ಏರಿಸುತ್ತಾಳೆ. ಬಾಯಿಯವರೆಗೆ ಬಂದ ಆ ಹೂಂ ಅನ್ನು ಅವರು ನುಂಗಿದರು.

“ಖಾಜಾಹುಸೇನ,” ಎಂದರು. “ಆ ಎಮ್ಮಿ ಇಳಸಪ್ಪ.”

ಹಳದಿ ಕಯಾಕ್ ನೀರಿಗೆ ಬಂತು. ಶಿವರಂಜನಿ ಅದರ ಮೇಲೆ ಕೂತು ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಬೇಕೆಂತಲೇ ಅಲುಗಾಡಿಸಿದಳು. ಅದು ಮಿಸುಕಲಿಲ್ಲ. ಕಾಲುಗಳು ಬಿಸಿಲಿಗೆ ಕಾಣುತ್ತಿದ್ದವು, ಹತ್ತೂ ಬೆರಳು. ಅವಳು ಒದ್ದೆ ಹಗ್ಗವನ್ನು ಎತ್ತಿಕೊಂಡು ತಾಯಿಯತ್ತ ನೋಡಿದಳು.

“ಕಟಿಗೊಳ್ಳಲೇನು ಅವ್ವ?”

ತಾನು ಕಟ್ಟು ಎಂದರೆ ಅವಳು ಇನ್ನೊಮ್ಮೆಯೂ ಕಟ್ಟಿಕೊಳ್ಳುತ್ತಾಳೆ. ಅದೇ ಗುರುದೇವಿಗೆ ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆಯಾಯಿತು.

“ಬ್ಯಾಡ. ಇಲ್ಲಿ ಒಗಿ.”

ಹಳದಿ ಕಯಾಕ್ ನಿಧಾನವಾಗಿ ದೂರ ಹೋಯಿತು. ಗುರುದೇವಿಯವರ ಕೈ ಗಾಳಿಯಲ್ಲಿ ತಾವಾಗಿಯೇ ಮುಚ್ಚಿ ತೆರೆಯುತ್ತಿದ್ದವು. ಹುಸೇನಬೀ ಥರ್ಮಾಸಿನಿಂದ ಚಹಾ ಬಗ್ಗಿಸಿ ಕಪ್ಪನ್ನು ಅವರ ಎರಡೂ ಅಂಗೈ ನಡುವೆ ಇಟ್ಟಳು.

“ಕುಡೀಬ್ಯಾಡ್ರಿ ಬೇಕಾದ್ರ,” ಎಂದಳು. “ಹಿಡಕೊಂಡು ಕೂಡ್ರಿ. ಕೈಗಿ ಏನರೆ ಬೇಕಲ್ಲ.”

ಗುರುದೇವಿ ಹಿಡಿದುಕೊಂಡು ಕೂತರು. ಮಗಳು ಹೆಬ್ಬೆರಳಷ್ಟಾದಳು, ಆಮೇಲೆ ಜೋಳದ ಕಾಳಿನಷ್ಟಾದಳು. ಚಹಾದ ಮೇಲೆ ಕೆನೆ ಕಟ್ಟಿತು. ಕೆರೆಯ ಆ ತುದಿಯಲ್ಲಿ ಹಳದಿ ಚುಕ್ಕೆ ನಿಂತಿತು, ತಿರುಗಿತು, ಮತ್ತೆ ದೊಡ್ಡದಾಗತೊಡಗಿತು. ಅದರ ಮೂತಿ ದಂಡೆಯ ಮಣ್ಣಿಗೆ ತಾಗಿದ ಸದ್ದು ಕೇಳಿದ ಮೇಲೆಯೇ ಅವರು ಆರಿದ ಚಹಾ ಕುಡಿದರು.

“ಇದೇ ಇರಲಿ,” ಎಂದರು.