ಮೀನಿನ ಹೊಟ್ಟೆಯ ಹಕ್ಕಿ

"ಸಹಿ ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ," ಎನ್ನುತ್ತ ಆಟಿಕೆ ಕಂಪನಿಯವನು ಒಪ್ಪಂದದ ಹಾಳೆಗಳನ್ನು ಹೊಲಿಗೆಯಂತ್ರದ ಮೇಲೆಯೇ ಹರಡಿದ. ಆ ಕೋಣೆಯಲ್ಲಿ ಬೇರೆ ಮೇಜು ಇರಲಿಲ್ಲ. ಅವಳು ತೋಳಿಗಂಟಿದ್ದ ದಾರದ ಎಳೆಗಳನ್ನು ಕೊಡವಿ ಪೆನ್ನು ಹಿಡಿದಳು.

ಹಾಳೆಗಳ ಪಕ್ಕದಲ್ಲಿ ಬಟ್ಟೆಯ ಮೀನೊಂದು ಬಾಯಿ ತೆರೆದು ಮಲಗಿತ್ತು. ಬಾಯೊಳಗೆ ಕೈಹಾಕಿ ಒಳಗಿನದನ್ನು ಹೊರಗೆಳೆದರೆ ಮೀನು ಮಾಯವಾಗಿ ಹಕ್ಕಿ ಬರುತ್ತದೆ. ಹಕ್ಕಿಯನ್ನು ತಿರುವಿದರೆ ಮತ್ತೆ ಮೀನು. ಹಕ್ಕಿಯನ್ನು ನುಂಗಿದ ಮೀನಿನ ಕಥೆಯನ್ನು ಅವಳ ಅಜ್ಜಿ ಪ್ರತಿಸಲವೂ ಅರ್ಧಕ್ಕೇ ನಿಲ್ಲಿಸಿ ಗೊರಕೆ ಹೊಡೆಯುತ್ತಿದ್ದಳು. ಉಳಿದರ್ಧವನ್ನು ಮೊಮ್ಮಗಳು ಬಟ್ಟೆಯಲ್ಲಿ ಹೊಲಿದಿದ್ದಳು. ರೆಕ್ಕೆ ಮಡಚಿಕೊಂಡು ಹೊಟ್ಟೆಯೊಳಗೆ ಕೂರುವ ಹಾಗೆ ಕತ್ತರಿಸುವ ಉಪಾಯ ಹೊಳೆಯುವಷ್ಟರಲ್ಲಿ ಮನೆಯ ಹಳೆಯ ದಿಂಬಿನ ಚೀಲಗಳೆಲ್ಲ ಮುಗಿದುಹೋಗಿದ್ದವು.

ಸಹಿ ಹಾಕಿದರೆ ಕೈತುಂಬ ದುಡ್ಡು. ಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಕೂತು ಊರವರ ಪ್ಯಾಂಟುಗಳ ಕಾಲು ಗಿಡ್ಡ ಮಾಡುವ ಕೆಲಸ ನಾಳೆಯಿಂದಲೇ ತಪ್ಪುತ್ತದೆ.

"ಇನ್ನೊಂದು ಚಿಕ್ಕ ವಿಷಯ ಮೇಡಂ," ಎಂದ ಅವನು. "ಇದರ ಪ್ಯಾಟರ್ನ್ ಫೋನಲ್ಲಿ ಎಲ್ಲರಿಗೂ ಹಂಚಿದೀರಲ್ಲ, ಅದನ್ನ ತೆಗೆದುಬಿಡಿ. ಹೊಲಿದು ಮಾರ್ತಿರೋರಿಗೆ ನಿಲ್ಲಿಸಿ ಅಂತ ಹೇಳ್ಬೇಕು. ಇನ್ಮೇಲೆ ಗೊಂಬೆ ಪೂರ್ತಿ ನಮ್ಮದು. ನಿಮ್ಮ ಹೆಸರೂ ಬರಲ್ಲ."

ಪೆನ್ನು ನಿಂತಿತು. ಬಟ್ಟೆ ಕತ್ತರಿಸುವ ಅಳತೆ ಗೆರೆಗಳ ಆ ಪ್ಯಾಟರ್ನಿನ ಕೆಳಗೆ ಅವಳೇ ಬರೆದಿದ್ದಳು: ಯಾರು ಬೇಕಾದರೂ ಮನೆಯಲ್ಲಿ ಹೊಲಿಯಿರಿ, ಮಾರಿರಿ, ನನ್ನ ಹೆಸರೊಂದು ಹೇಳಿ. ಎದುರುಮನೆಯ ನರ್ಸಮ್ಮ, ಬಸ್ ಕಂಡಕ್ಟರನ ಹೆಂಡತಿ, ಮುಖವನ್ನೇ ಕಾಣದ ಎಷ್ಟೋ ಜನ ಹೊಲಿದು ಫೋಟೋ ಕಳಿಸುತ್ತಿದ್ದರು. ಕೆಲವರ ಮೀನಿಗೆ ಕಣ್ಣು ಹಣೆಯ ಮೇಲೆ. ಕೆಲವರ ಹಕ್ಕಿ ಥೇಟು ಕೋಳಿ.

ಬಾಗಿಲ ಬಳಿ ಗೊಂಬೆಯ ಕಣ್ಣಿಗೆಂದು ಗುಂಡಿ ಆರಿಸುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತಾರೆ. ಊರಿಗೆಲ್ಲ ಕೊಟ್ಟ ಪ್ಯಾಟರ್ನ್ ತವರಿಗೆ ವಾಪಸ್ ಬರುತ್ತೇನಪ್ಪ?"

"ಅತ್ತೆ, ಸ್ವಲ್ಪ ಸುಮ್ನಿರಿ."

"ಸುಮ್ನೇ ಇದೀನಮ್ಮ. ಗುಂಡಿಗೆ ಹೇಳ್ದೆ."

ಕಥೆಯಲ್ಲಾದರೆ ಇಂಥ ಹೊತ್ತಿಗೆ ಗಿಳಿಯೊಂದು ಹಾರಿಬಂದು ಉಪಾಯ ಹೇಳುತ್ತದೆ. ಇಲ್ಲಿ ಕೇಳಿಸಿದ್ದು ಪಕ್ಕದ ಮನೆಯ ಕುಕ್ಕರಿನ ಸೀಟಿ. ಅವಳು ಪೆನ್ನು ಕೆಳಗಿಟ್ಟಳು.

"ಮನೇಲಿ ಹೊಲಿಯೋರಿಗೆ ಅದು ಬಿಟ್ಟಿ. ಹಾಗೇ ಇರುತ್ತೆ. ಕಾರ್ಖಾನೇಲಿ ಮಾಡೋಕೆ ನಿಮಗೆ ಅನುಮತಿ ಕೊಡ್ತೀನಿ. ಮಾರಿದ ಒಂದೊಂದು ಗೊಂಬೆಗೂ ನನಗೆ ಪಾಲು. ಲೇಬಲ್ ಮೇಲೆ ನನ್ನ ಹೆಸರು."

ಅವನು ನಕ್ಕುಬಿಟ್ಟ. "ಬಿಟ್ಟಿ ಸಿಗೋದನ್ನ ಯಾರು ದುಡ್ಡು ಕೊಟ್ಟು ತಗೋತಾರೆ ಮೇಡಂ? ನಮ್ಮ ಯಜಮಾನರು ಒಪ್ಪಲ್ಲ." ಹಾಳೆಗಳನ್ನು ಒಟ್ಟುಮಾಡಿ ಬ್ಯಾಗಿಗೆ ತುರುಕತೊಡಗಿದ.

ಪ್ಯಾಂಟುಗಳ ರಾಶಿ ಅವಳ ಕಣ್ಣಿಗೆ ಕಟ್ಟಿತು. ಆದರೂ ಕೇಳಿದಳು, "ನಿಮ್ಮ ಯಜಮಾನರು ಇದನ್ನ ಮೊದಲು ಎಲ್ಲಿ ನೋಡಿದ್ರು?"

"ಅವರ ಮೊಮ್ಮಗಳ ಹತ್ರ. ಅದಿಲ್ದೆ ಊಟಾನೇ ಮಾಡಲ್ವಂತೆ. ಯಾರೋ ಟೀಚರ್ ಹೊಲಿದುಕೊಟ್ಟಿದ್ದು."

"ಆ ಟೀಚರ್ ಯಾರು ಅಂತ ನನಗೆ ಗೊತ್ತೇ ಇಲ್ಲ."

ಅವನ ಕೈ ಬ್ಯಾಗಿನ ಜಿಪ್ಪಿನ ಮೇಲೆ ತಡೆದು ನಿಂತಿತು.

"ನಾನು ಬಚ್ಚಿಟ್ಕೊಂಡಿದ್ರೆ ನೀವು ಈ ಮೆಟ್ಟಿಲು ಹತ್ತುತ್ಲೇ ಇರ್ಲಿಲ್ಲ," ಎಂದಳು. "ಒಬ್ಬರು ಹೊಲಿದ್ರೆ ಆ ಬೀದಿಯ ಮಕ್ಕಳೆಲ್ಲ ನಂಗೂ ಬೇಕು ಅಂತಾವೆ. ಎಲ್ಲರ ಮನೇಲೂ ಹೊಲಿಯೋರು ಇರ್ತಾರಾ? ಉಳಿದೋರು ನಿಮ್ಮ ಗಿರಾಕಿ. ಇದನ್ನ ಯಜಮಾನರಿಗೆ ಹೇಳಿ."

"ಧೈರ್ಯ ಇದ್ರೆ ಮೊದ್ಲು ಮೊಮ್ಮಗಳ ಕೈಯಿಂದ ಮೀನು ಕಿತ್ಕೊಳ್ಳೋಕೆ ಹೇಳಪ್ಪ," ಎಂದರು ಅತ್ತೆ.

ಅವನು ಫೋನು ಹಿಡಿದು ಮೆಟ್ಟಿಲ ಬಳಿ ಹೋದ. ಮಾತು ತುಂಡುತುಂಡಾಗಿ ಕೇಳಿಸಿತು. "ಹೌದು ಸಾರ್... ಇಲ್ಲ ಸಾರ್, ಹೆಸರೂ ಬೇಕಂತೆ... ಅತ್ತೇನೂ ಇದಾರೆ ಸಾರ್..."

"ಒಪ್ಪದಿದ್ರೆ?" ಅತ್ತೆ ಪಿಸುಗುಟ್ಟಿದರು.

"ನಾಳೆ ಪ್ಯಾಂಟು."

"ಹೋಗ್ಲಿ ಬಿಡು. ಊರಲ್ಲಿ ಗಿಡ್ಡ ಕಾಲಿನೋರಿಗೇನು ಬರ?"

ಅವನು ಬೆವರೊರೆಸಿಕೊಂಡು ಒಳಬಂದ. "ಒಪ್ಪಿದ್ರು ಮೇಡಂ. ಪಾಲು, ಹೆಸರು, ಎರಡೂ. ಮುಂಗಡಾನೂ ಕೊಡ್ತಾರಂತೆ. ಮನೇಲಿ ಹೊಲಿಯೋರ ತಂಟೆಗೆ ಬರಲ್ಲ." ಹಾಳೆಯ ಸಾಲುಗಳನ್ನು ಹೊಡೆದುಹಾಕಿ ಅಂಚಿನಲ್ಲಿ ಹೊಸ ಮಾತು ಬರೆದ. ಅವಳು ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದಿಸಿಕೊಂಡು, ಗೆರೆ ದಾಟಿ ಹೋಗುವಷ್ಟು ದೊಡ್ಡದಾಗಿ ಸಹಿ ಹಾಕಿದಳು. ಆಮೇಲೆ ಅಂಗಡಿಗೆ ಫೋನು ಮಾಡಿದಳು: "ಅಣ್ಣ, ನಾಳೆಯಿಂದ ಬರಲ್ಲ. ಇಲ್ಲ, ಜ್ವರ ಅಲ್ಲ. ಚೆನ್ನಾಗಿದೀನಿ. ತುಂಬಾ ಚೆನ್ನಾಗಿದೀನಿ!"

ಹೊಸ್ತಿಲು ದಾಟಿದವನು ತಿರುಗಿ ನಿಂತ. "ಮೇಡಂ... ನನ್ನ ತಂಗಿ ಮನೇಲೇ ಹೊಲಿತಾಳೆ. ಅವಳಿಗೂ ಆ ಪ್ಯಾಟರ್ನ್..."

"ನಂಬರ್ ಹೇಳಿ."

ಅತ್ತೆ ನಕ್ಕ ರಭಸಕ್ಕೆ ಮಡಿಲಲ್ಲಿದ್ದ ಗುಂಡಿಗಳೆಲ್ಲ ನೆಲದ ತುಂಬ ಉರುಳಿದವು.

ಅವನು ಹೋದಮೇಲೆ ಅವಳು ಕಿಟಕಿ ತೆರೆದಳು. ಮೇಲಿನ ಮನೆಯಲ್ಲಿ ಯಾರೋ ಹೊಲಿಗೆಯಂತ್ರ ತುಳಿಯುತ್ತಿದ್ದರು. ಕೈ ಪಳಗಿರಲಿಲ್ಲ. ಸದ್ದು ಸ್ವಲ್ಪ ದೂರ ಓಡಿ, ತಡವರಿಸಿ ನಿಂತಿತು. ದಾರ ಪೋಣಿಸುವಷ್ಟು ಹೊತ್ತು ಮೌನ. ಮತ್ತೆ ಶುರುವಾಯಿತು.